ತೋಪಿನ ಗುಂಡು ಮಾಡದ ತೂತು

ಮೊನ್ನೆ ಉಟ್ಟಿದ್ದ ಇಳಕಲ್ ಸೀರೆಯನ್ನು ಮಡಿಸಿಡೋಣವೆಂದು ಇವತ್ತು ಬೆಳಿಗ್ಗೆ ಒಮ್ಮೆ ಕೊಡವಿದೆ. ನೆರಿಗೆಯೊಳಗಿಂದ ಚಿಟಿಕೆಯಷ್ಟು ಬಿಳಿ ಮಣ್ಣು ಉದುರಿ, ಆಗತಾನೆ ಒರೆಸಿದ್ದ ಟೈಲ್ಸಿನ ಮೇಲೆ ಬಿತ್ತು. ನಿಮ್ಮ ಅವ್ವ ಅಡುಗೆಮನೆಯಿಂದಲೇ, "ಅತ್ತೀ, ಸೀರಿ ಅಂಗಳದಾಗ ಝಾಡಸಬಾರದೇನ್ರಿ?" ಎಂದಳು. ಮೂರನೆಯ ಮಹಡಿಯಲ್ಲಿ ಅಂಗಳವೆಂದರೆ ಕೆಳಗಿನವರ ತಲೆ. ಬೆರಳನ್ನು ನೀರಿಗೆ ಅದ್ದಿ ಆ ಮಣ್ಣಿನ ಮೇಲಿಟ್ಟು ಮೂಸಿ ನೋಡಿದೆ. ಹಳೆಯ ಮಾಳಿಗೆಯ ಮೇಲೆ ಮೊದಲ ಮಳೆ ಬಿದ್ದ ವಾಸನೆ. ಐವತ್ತು ವರ್ಷವಾದರೂ ಬದಲಾಗಿಲ್ಲ. ಮನುಷ್ಯರಿಗೆ ಇಲ್ಲದ ನಿಯತ್ತು ಮಣ್ಣಿಗೆ ಇರುತ್ತದೆ.

ಮಕ್ಕಳೇ, ನಿಮಗೆ ಕನ್ನಡ ಓದಲು ಬರುವುದು ಅಷ್ಟಕ್ಕಷ್ಟೇ. ಮೊಬೈಲಿಗೆ ಹಾಳೆ ತೋರಿಸಿದರೆ ಅದೇ ಓದಿ ಹೇಳುತ್ತದಂತೆ. ಅದರ ಬಾಯಲ್ಲಿ ಅಜ್ಜಿಯ ಬೈಗುಳ ಹೇಗೆ ಕೇಳುತ್ತದೋ ನೋಡಿ. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ನಾನು. ಸಾಲಿಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಸೆರಗಿನೊಳಗೇ ಹೇಳಿಕೊಳ್ಳುತ್ತಿದ್ದೆ. ಅದು ಅವರಿಗೆ ಕೇಳಿಸುತ್ತಿರಲಿಲ್ಲ, ನನಗೆ ಹೊಡೆತ ತಪ್ಪುತ್ತಿರಲಿಲ್ಲ. ಈ ಸೆರಗಿನೊಳಗಿನ ಮಾತಿನ ಚಟದ ಬಗ್ಗೆಯೇ ಮುಂದೆ ಹೇಳುವುದಿದೆ.

ನನಗೆ ಎಪ್ಪತ್ತೆರಡು ತುಂಬಿತೆಂದು ನೀವೆಲ್ಲ ಸೇರಿ ಒಂದು ದಿನದ ಪ್ರವಾಸ ಮಾಡಿಸಿದಿರಿ. ಯಾವ ಲೆಕ್ಕದಿಂದ ತುಂಬಿತೋ, ಹುಟ್ಟಿದ ದಿನ ನನಗೇ ಗೊತ್ತಿಲ್ಲ. ನಮಗೆಂದೇ ಒಂದು ಕಾರು, ನಮಗೆಂದೇ ಒಬ್ಬ ಗೈಡು. ಕೋಟೆಗಳು, ಅರಮನೆ, ಹಳ್ಳಿಗಾಡಿನ ಚೆಲುವು ಎಂದು ಕಾಗದದಲ್ಲಿ ಬರೆದಿತ್ತು. ಜೊತೆಗೆ ಬಂದವಳು ನಿಮ್ಮ ಸಾಯಲಿ ಅಕ್ಕ ಒಬ್ಬಳೇ. ಆ ಹಳ್ಳಿಗಾಡಿನ ಚೆಲುವಿನಲ್ಲಿ ನಲವತ್ತು ವರ್ಷ ಹೊಲದ ಕಸ ಕಿತ್ತವಳು ನಾನು. ಅಲ್ಲಿಂದ ಸೋಲಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ನಿಂತು ಬಂದದ್ದೆಷ್ಟೋ ಸಲ. ಆಗ ಯಾರೂ ಕಿಟಕಿಯಿಂದ ಚೆಲುವು ತೋರಿಸಿರಲಿಲ್ಲ. ಕಿಟಕಿಯ ಸೀಟೇ ಸಿಗುತ್ತಿರಲಿಲ್ಲ.

ಗೈಡು ನಲವತ್ತರ ಆಸುಪಾಸಿನ ಮನುಷ್ಯ. ಅಗಲ ಅಂಚಿನ ಟೋಪಿ, ಎದೆಯ ಮೇಲೆ ದುರ್ಬೀನು, ಮೊಣಕಾಲಿನ ಹತ್ತಿರ ಜೇಬಿರುವ ಪ್ಯಾಂಟು. ಅಲ್ಲಿ ಜೇಬು ಯಾಕೆಂದು ಸಂಜೆಯವರೆಗೂ ಯೋಚಿಸಿದೆ. ಅವರ ಮರಾಠಿ ಚೆನ್ನಾಗಿತ್ತು, ಇಂಗ್ಲಿಷು ಇನ್ನೂ ಚೆನ್ನಾಗಿತ್ತು. ಎರಡರ ನಡುವೆ ಒಂದು ಮಾತು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು: "ಇಮ್ಯಾಜಿನ್ ಕರಾ, ಆಜೀ!" ಅಂದರೆ, ಕಲ್ಪಿಸಿಕೊಳ್ಳಿ ಅಜ್ಜಿ ಎಂದು. ಸೋಲಾಪುರದ ಕೋಟೆಯಲ್ಲಿ ಆನೆ ಕಲ್ಪಿಸಿಕೊಂಡೆ. ಬೋರಾಮಣಿಯ ಹುಲ್ಲುಗಾವಲಿನಲ್ಲಿ ಮನುಷ್ಯರೆತ್ತರದ ಹಕ್ಕಿ ಕಲ್ಪಿಸಿಕೊಳ್ಳುತ್ತ ಒಂದು ತಾಸು ನಿಂತೆ. ದುರ್ಬೀನಿನಲ್ಲಿ ಕಂಡದ್ದು ಕುರಿ. ಕುರಿಯ ಹಿಂದೆ ಬಂದ ಕುರುಬ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಏನ್ ಕಳಕೊಂಡೀರಿ?" ಎಂದು ಕೇಳಿದ. ಅವನಿಗೆ ಪಾಪ, ನಾವು ಕಳೆದುಕೊಂಡದ್ದನ್ನು ಹುಡುಕಿಕೊಡುವ ಮನಸ್ಸಿತ್ತು.

ದಾರಿಯಲ್ಲಿ ಕಾರು ನಿಲ್ಲಿಸಿ, ತೆನೆ ಬಿಟ್ಟ ಒಂದು ದಂಟನ್ನು ಬಗ್ಗಿಸಿ, "ಆಜೀ, ಹೀ ಬಘಾ, ಜ್ವಾರೀ" ಎಂದರು. ಜೋಳ ಎಂದರೇನು ಎಂದು ನನಗೆ ತಿಳಿಸಿಕೊಟ್ಟರು! ಮಧ್ಯಾಹ್ನ ಖಡಕ್ ರೊಟ್ಟಿಯನ್ನು ಹೇಗೆ ಮುರಿಯಬೇಕೆಂದೂ ಕಲಿಸಿದರು. ಅವರು ಮುರಿದದ್ದು ಚೂರುಚೂರಾಗಿ ಟೋಪಿಯ ಮೇಲೆ ಹಾರಿತು. ನಾನು ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದೆ. ನನ್ನ ತಿರಸ್ಕಾರವೆಲ್ಲ ಹೀಗೆಯೇ, ಹೊರಗಿನಿಂದ ನೋಡಿದರೆ ಮರ್ಯಾದೆಯಂತೆ ಕಾಣುತ್ತದೆ.

ಅಕ್ಕಲಕೋಟದ ಅರಮನೆಯಲ್ಲಿ ಗೋಡೆ ತುಂಬ ಕತ್ತಿಗಳು. ಉದ್ದದ್ದು, ಡೊಂಕಿನದ್ದು, ಹಿಡಿಗೆ ಬೆಳ್ಳಿ ಕಟ್ಟಿದ್ದು. ಇಷ್ಟು ಕತ್ತಿಗಳ ನಡುವೆ ಒಂದು ಈಳಿಗೆಮಣೆಯಿಲ್ಲ. ಹಾಗಾದರೆ ಇವರಿಗೆಲ್ಲ ಉಳ್ಳಾಗಡ್ಡಿ ಹೆಚ್ಚಿ ಕೊಟ್ಟವರು ಯಾರು? ಸಾಯಲಿಯ ಕಿವಿಯಲ್ಲಿ ಕೇಳಿದೆ. ಅವಳು ನಕ್ಕು, "ಆಜೀ, ಗೈಡಿಗೆ ಕೇಳು ನಾ" ಎಂದಳು. ಕೇಳಲಿಲ್ಲ. ಸೆರಗು.

ಅಲ್ಲಿಂದ ಹೊರಟಾಗ ಗೈಡು ದನಿ ತಗ್ಗಿಸಿ, ಈಗ ಯಾರಿಗೂ ಗೊತ್ತಿಲ್ಲದ ಒಂದು ಕೋಟೆ ತೋರಿಸುತ್ತೇನೆ ಎಂದರು. ಕಾರು ಕರಜಗಿಯ ದಾರಿ ಹಿಡಿಯಿತು, ಬೇವಿನ ಮರದ ಹತ್ತಿರ ಎಡಕ್ಕೆ ಹೊರಳಿತು. ಯಾರಿಗೂ ಗೊತ್ತಿಲ್ಲದ ಆ ಕೋಟೆ ನಿಮ್ಮ ಅಜ್ಜನ ಊರಿನ ಗಢಿ. ನನ್ನನ್ನು ಹದಿನಾರನೆಯ ವಯಸ್ಸಿಗೆ ಮದುವೆ ಮಾಡಿ ಕಳಿಸಿದ ಊರು. ಊರ ಇನಾಮದಾರರು ಹಿಂದೆಂದೋ ಕಟ್ಟಿಸಿದ ಕೋಟೆಮನೆಯದು. ಕೆಳಗೆ ಕಲ್ಲು, ಮೇಲೆ ಬಿಳಿ ಮಣ್ಣು, ಮೂಲೆಗೊಂದು ದುಂಡು ಬುರುಜು. ಬುರುಜಿಗೆ ನಾವು ಹುಡೆ ಎನ್ನುತ್ತೇವೆ. ಊರ ಕಡೆಯ ಹುಡೆಯ ಹೊಟ್ಟೆಯಲ್ಲಿ, ರೊಟ್ಟಿಯನ್ನು ಕಚ್ಚಿ ಬಿಟ್ಟಂತೆ ಒಂದು ದೊಡ್ಡ ತೂತು. ಎತ್ತಿನ ಗಾಡಿ ಒಳಗೆ ನಿಲ್ಲಬಹುದು, ಅಷ್ಟು ದೊಡ್ಡದು.

ಗೈಡು ಅದರ ಮುಂದೆ ನಿಂತು ಟೋಪಿ ತೆಗೆದರು. ಆ ದಿನ ಅವರು ಟೋಪಿ ತೆಗೆದದ್ದು ಅದೊಂದೇ ಸಲ. "ಇಮ್ಯಾಜಿನ್ ಕರಾ! ವೈರಿಯ ತೋಪಿನ ಗುಂಡು ಇಲ್ಲಿ ಬಡಿಯಿತು. ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದರು. ಆಗ ಒಬ್ಬ ರಾಣಿ, ಮೂವತ್ತು ಹೆಂಗಸರನ್ನು ಕಟ್ಟಿಕೊಂಡು, ಇದೇ ತೂತಿನಲ್ಲಿ ಕತ್ತಿ ಹಿಡಿದು ನಿಂತಳು!"

ಮೂವತ್ತು ಹೆಂಗಸರು ನಿಂತದ್ದು ನಿಜ. ಅವರಲ್ಲಿ ನಾನೂ ಒಬ್ಬಳು. ನಮ್ಮ ಕೈಯಲ್ಲಿ ಇದ್ದದ್ದು ಬುಟ್ಟಿ, ಸಲಿಕೆ.

ಮಣ್ಣಿನ ಚಾವಣಿಯ ಮಾಳಿಗೆ ಮನೆ ನೀವು ಕಂಡಿಲ್ಲ. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮೊದಲು ಮಾಳಿಗೆಯ ಮೇಲೆ ಹೊಸ ಮಣ್ಣು ಹರಡಿ ತುಳಿಯಬೇಕು, ಇಲ್ಲದಿದ್ದರೆ ಮಲಗಿದವರ ಮೇಲೆ ಮಳೆ. ಅದಕ್ಕೆ ಗಢಿಯ ಬಿಳಿ ಮಣ್ಣೇ ಆಗಬೇಕು. ಅದರಲ್ಲಿ ಹುಲ್ಲೂ ಹುಟ್ಟುವುದಿಲ್ಲ, ನೀರೂ ಇಳಿಯುವುದಿಲ್ಲ. ಇನಾಮದಾರರು ಆಗಲೇ ಪುಣೆ ಸೇರಿದ್ದರು. ಅವರ ಕಾರಭಾರಿ, "ಮ್ಯಾಲಿಂದ ಕಡೀಬ್ಯಾಡ್ರಿ, ರಸ್ತಾದಿಂದ ಕಾಣಸ್ತದ" ಎಂದು ತಾಕೀತು ಮಾಡಿದ್ದ. ಗಢಿಯ ಮಾನ ಹೊರಗೆ ಚೆನ್ನಾಗಿ ಕಾಣಬೇಕು, ಒಳಗೆ ಪೊಳ್ಳಾದರೆ ಚಿಂತೆಯಿಲ್ಲ. ಹಾಗಾಗಿ ನಾವು ಕಲ್ಲು ಉದುರಿದ ಒಂದೇ ಕಡೆ, ಸೊಂಟದೆತ್ತರದಲ್ಲಿ, ಒಳಕ್ಕೆ ಒಳಕ್ಕೆ ಕಡಿಯುತ್ತ ಹೋದೆವು. ನಮ್ಮ ಅತ್ತೆ, ಅವರ ಅತ್ತೆ, ಅವರ ಹಿಂದಿನವರೂ ಅಲ್ಲಿಯೇ ಕಡಿದಿದ್ದರು. ಯಾವ ವೈರಿಯೂ ಮಾಡಲಾಗದ ತೂತನ್ನು ಊರಿನ ಸೊಸೆಯಂದಿರು ಬುಟ್ಟಿ ಬುಟ್ಟಿಯಾಗಿ ಮಾಡಿದರು. ಒಂದೇ ಒಂದು ಕಾನೂನಿತ್ತು: ಮೊದಲ ಬುಟ್ಟಿ, ಮಾಳಿಗೆ ಹತ್ತಲು ಗಂಡಸಿಲ್ಲದ ಮನೆಗೆ.

ಮದುವೆಯಾದ ಎರಡನೆಯ ಬೇಸಿಗೆ. ಪಕ್ಕದ ಮನೆಯ ಗಂಗವ್ವ ಒಳಗೆ ಕೂತು ಕಡಿಯುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ಊರಿಗೇ ದೊಡ್ಡ ಬಾಯಿಯವಳು. ನಾನು ಅವಳ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಮೇಲಿನಿಂದ ಹಿಟ್ಟು ಉದುರಿದಂತೆ ಸಣ್ಣ ಮಣ್ಣು ಉದುರುವುದನ್ನು ನೋಡಿದೆ. ಬೀಸುಕಲ್ಲಿನ ಅಂಚಿನಿಂದ ಉದುರುತ್ತದಲ್ಲ, ಹಾಗೆ. ಮೇಲಿನದು ಕುಸಿಯುತ್ತದೆ ಎಂದು ಗೊತ್ತಾಯಿತು. ಆದರೆ ಹಿಂದೆ ಅತ್ತೆ ನಿಂತಿದ್ದರು, ಊರಿನ ಹಿರಿಯರೆಲ್ಲ ನಿಂತಿದ್ದರು, ಹೊಸ ಸೊಸೆ ದನಿ ಎತ್ತುವುದುಂಟೇ? "ಮ್ಯಾಲಿಂದ ಹಿಟ್ಟ ಉದರಾಕತ್ತೈತಿ" ಎಂದು ಸೆರಗಿನೊಳಗೆ ಹೇಳಿ ಎರಡು ಹೆಜ್ಜೆ ಹಿಂದೆ ಸರಿದೆ. ನಾನು ಸರಿದೆ. ಅದು ಬಿತ್ತು.

ಗಂಗವ್ವನನ್ನು ಜೀವಂತ ತೆಗೆದರು. ಸೊಂಟದ ಎಲುಬು ಮುರಿದಿತ್ತು, ಬಲಗಾಲು ಮತ್ತೆ ನೆಟ್ಟಗಾಗಲಿಲ್ಲ. ನಾನು ಮೊದಲೇ ನೋಡಿದ್ದೆ ಎಂದು ಯಾರಿಗೂ ಹೇಳಲಿಲ್ಲ, ನಿಮ್ಮ ಅಜ್ಜನಿಗೂ. ಮುಂದೆ ನಿಮ್ಮ ಅಪ್ಪನಿಗೆ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕು ಸೋಲಾಪುರಕ್ಕೆ ಬಂದೆವು. ಆ ಊರು ತಪ್ಪಿದ್ದಕ್ಕೆ ಅತ್ತಂತೆ ಮಾಡಿದೆ. ಒಳಗೆ ಸಮಾಧಾನವಾಗಿತ್ತು.

ಈಗ ಅದೇ ತೂತಿನೊಳಗೆ ಸಾಯಲಿ ಓಡಿ ಹೋಗಿ ನಿಂತಳು. ಇಲ್ಲದ ಕತ್ತಿ ಎತ್ತಿದಂತೆ ಕೈ ಎತ್ತಿದಳು. ಗೈಡು ಅವಳ ಮೊಬೈಲು ಹಿಡಿದು, "ಪರ್ಫೆಕ್ಟ್! ರಾಣೀಸಾರಖೀ!" ಎನ್ನುತ್ತಿದ್ದರು, ರಾಣಿಯ ಹಾಗೇ ಎಂದು. ಅವಳ ಕಪ್ಪು ಕೂದಲ ಮೇಲೆ ಸಣ್ಣಗೆ ಬಿಳಿ ಹಿಟ್ಟು ಉದುರಿತು.

"ಏ ಸಾಯಲೀ! ಹೊರಗ ಬಾ! ಹೊರಗ ಬಾ ಅಂತೀನಿ!"

ಆ ದನಿ ಯಾರದೆಂದು ನಾನೇ ಹಿಂದೆ ತಿರುಗಿ ನೋಡಿದೆ. ಊರ ನಾಯಿಗಳು ಬೊಗಳಿದವು. ಹುಡೆಯ ಮೇಲಿನ ಪಾರಿವಾಳಗಳು ಎದ್ದವು. ಸಾಯಲಿ ಚಪ್ಪಲಿ ಬಿಟ್ಟು ಓಡಿ ಬಂದು ನನ್ನ ಸೀರೆ ಹಿಡಿದುಕೊಂಡಳು. "ಆಜೀ, ಕಾಯ್ ಝಾಲಂ? ಏನಾತು?"

ಏನೂ ಆಗಲಿಲ್ಲ. ಹುಡೆ ಬೀಳಲಿಲ್ಲ. ಒಂದು ಹೆಂಟೆಯೂ ಬೀಳಲಿಲ್ಲ. ಗೈಡು ನಗುತ್ತ, "ಆಜೀ, ನಾನೂರು ವರ್ಷದಿಂದ ಹೀಗೇ ಇದೆ, ಹೆದರಬೇಡಿ" ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು.

ಒಮ್ಮೆ ಬಿಚ್ಚಿದ ಗಂಟಲು ಮುಚ್ಚಲಿಲ್ಲ. "ನಾನೂರು ವರ್ಷ ಅಲ್ರೀ. ಈ ತೂತು ನಾವು ಮಾಡಿದ್ದು. ಮಾಳಗಿ ಸೋರತಿದ್ದವು, ಅದಕ್ಕ" ಎಂದೆ. ಸಾಯಲಿ ಮರಾಠಿಯಲ್ಲಿ ಹೇಳಿದಳು. ಅವರು, "ಲೋಕಲ್ ದಂತಕಥಾ! ಛಾನ್!" ಎಂದು ಮೆಚ್ಚಿ, ಮೊಣಕಾಲಿನ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡರು. ಆ ಜೇಬು ಯಾಕಿತ್ತೆಂದು ಕೊನೆಗೂ ತಿಳಿಯಿತು. ಅವರದು ಇತಿಹಾಸ, ನನ್ನದು ದಂತಕಥೆ!

ಸಾಯಲಿಗೆ ಎಲ್ಲವನ್ನೂ ಅಲ್ಲಿಯೇ, ಬಿಸಿಲಿನಲ್ಲಿ ನಿಂತೇ ಹೇಳಿದೆ. ಅವಳು ಕೇಳಿದಳು, "ಮತ್ತ ಗಂಗವ್ವ ಆಜಿ?"

"ಅದಾಳ. ಆ ಬೇವಿನ ಗಿಡದ ಹಿಂದಿಂದು ನಾಕನೇ ಬಾಗಿಲ."

"ಇಲ್ಲೇ ಅದಾಳ? ಮತ್ತ ನಾವು ಇಲ್ಲಿ ಖೋಟಿ ರಾಣೀದ ಕಥಿ ಯಾಕ ಕೇಳಾಕತ್ತೀವಿ?"

ಗೈಡು ಗಡಿಯಾರ ತೋರಿಸಿದರು, ಸೂರ್ಯಾಸ್ತ ನೋಡಲು ಬೇರೊಂದು ಗುಡ್ಡಕ್ಕೆ ಹೋಗುವುದಿತ್ತಂತೆ. ಸೂರ್ಯ ಎಲ್ಲಿಂದ ನೋಡಿದರೂ ಮುಳುಗುತ್ತಾನೆ ಎಂದು ನಾನು ನಡೆದೆ.

ಗಂಗವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಬಂದೇನ ಸೋಲಾಪುರದ ಸಾವಕಾರ್ತಿ! ದಾರಿ ತಪ್ಪಿತೇನ?" ಎಂದಳು. ಸಾಯಲಿ ರಾಣಿಯ ಕಥೆ ಹೇಳಿದ್ದೇ, ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಏ ಟೊಪಗಿ ಸಾಹೇಬಾ, ನಿಮ್ಮ ರಾಣೀಗೆ ಕುಂಟಗಾಲ ಇತ್ತೇನ? ಇಲ್ಲಂದ್ರ ಅಕಿ ಬ್ಯಾರೇ ಊರಾಕಿ!" ಟೋಪಿಯವರಿಗೆ ಕನ್ನಡ ಬಾರದು, ಆದರೂ ಯಾರನ್ನು ನೋಡಿ ನಗುತ್ತಿದ್ದಾಳೆಂದು ತಿಳಿಯಿತು. ಅವಳು ಕೊಟ್ಟ ಶೇಂಗಾ ತಿನ್ನುತ್ತ ಸುಮ್ಮನೆ ಕೂತರು.

ನಾನು ಹೇಳಬೇಕಾದದ್ದನ್ನು ಹೇಳಿದೆ. "ಗಂಗವ್ವ, ಅವತ್ತ ನಾ ಮದಲ ನೋಡಿದ್ದೆ. ಹಿಟ್ಟ ಉದರೋದು. ಜೋರಾಗಿ ಒದರಲಿಲ್ಲ. ನಿನಗ ಕೇಳಸಲಿಲ್ಲ."

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಕೇಳಸಿತ್ತು."

"ಏನ?"

"ಬಗಲಾಗ ನಿಂತು ಹೇಳಿದ್ದಿ, ನಾ ಏನ ಕಿವುಡಿ ಇದ್ದೇನ? ಇನ್ನೊಂದ ಬುಟ್ಟಿ ತುಂಬತೀನಿ, ಆಮ್ಯಾಲ ಹೊರಗ ಬರ್ತೀನಿ ಅಂದ್ಕೊಂಡೆ. ನಿಮ್ಮ ಅತ್ತೀ ಮಾಳಗೀದೇ ಬುಟ್ಟಿ ಅದು."

"ಇಷ್ಟ ವರ್ಷ ಯಾಕ ಹೇಳಲಿಲ್ಲವಾ?"

"ನೀ ಕುಂತು ಕೇಳಿದ್ದ್ಯಾವಾಗ? ಬಂದಾಗೊಮ್ಮೆ ಹೊಸ್ತಲದಾಗ ನಿಂತು ಕುಂಕುಮ ಹಚ್ಚಿಸ್ಕೊಂಡು ಓಡ್ತಿದ್ದಿ. ಮತ್ತ, ಊರಾಗೆಲ್ಲಾ ನನಗ ಪಾಪ ಅಂತಿದ್ರು. ಹೇಳಿದ್ರೂ ಕೇಳಲಾರದ ಕುಂತ ಹುಚ್ಚಿ ಅಂತ ಅನಿಸ್ಕೊಳ್ಳಲೇನ?"

ಮಕ್ಕಳೇ, ಐವತ್ತು ವರ್ಷ ನಾನು ನನ್ನ ಸಣ್ಣ ದನಿಯನ್ನು ಬೈದುಕೊಂಡೆ. ಅವಳು ತನ್ನ ಒಂದು ಬುಟ್ಟಿಯ ಆಸೆಯನ್ನು ಮುಚ್ಚಿಟ್ಟುಕೊಂಡಳು. ನಡುವೆ ಇದ್ದದ್ದು ಒಂದು ಹೊಸ್ತಿಲು. ಆ ಗೈಡನ್ನು ನಾನು ಏನೆಂದು ಹಂಗಿಸಲಿ? ಅವರು ತಿಳಿಯದೆ ಕಥೆ ಕಟ್ಟಿದರು, ನಾವು ತಿಳಿದೂ ಬಾಯಿ ಕಟ್ಟಿಕೊಂಡೆವು.

ಆದರೂ ಸ್ವಲ್ಪ ಹಂಗಿಸುತ್ತೇನೆ. ಇವತ್ತು ಅವರಿಂದ ಮೆಸೇಜು ಬಂದಿದೆ, ಐದರಲ್ಲಿ ಎಷ್ಟು ಚುಕ್ಕಿ ಕೊಡುತ್ತೀರಿ ಎಂದು. ಜೊತೆಗೆ ಒಂದು ಸಂತೋಷದ ಸುದ್ದಿ: ಆಜಿಯ ದಂತಕಥೆಯನ್ನು ಪ್ರವಾಸದಲ್ಲಿ ಸೇರಿಸಿಕೊಂಡಿದ್ದಾರೆ, ಇನ್ನು ಮುಂದೆ ಆ ರಾಣಿಯ ಹೆಸರು ಗಂಗಾದೇವಿ! ಸಾಯಲಿ ಓದಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ಚುಕ್ಕಿ ಕೊಡು ಎಂದೆ, ಎರಡೂ ಶೇಂಗಾ ತಿಂದು ಸುಮ್ಮನೆ ಕೂತದ್ದಕ್ಕೆ. ಆಮೇಲೆ ಹಾಳೆ ಪೆನ್ನು ತೆಗೆದುಕೊಂಡು ಇದನ್ನು ಬರೆಯಲು ಕೂತೆ. ಗಂಗವ್ವನಿಗೆ ಕಿರೀಟ ಇಟ್ಟುಬಿಟ್ಟರೆ, ಅವಳ ಕಾಲು ಯಾಕೆ ಕುಂಟೆಂದು ನಾಳೆ ಯಾರು ಕೇಳುತ್ತಾರೆ?

ಊರಲ್ಲಿ ಎಲ್ಲರ ಮನೆಗೂ ಸ್ಲ್ಯಾಬು, ತಗಡಿನ ಪತ್ರೆ ಬಂದಿದೆ. ಮಣ್ಣಿನ ಮಾಳಿಗೆ ಉಳಿದದ್ದು ಗಂಗವ್ವನದೊಂದೇ. ಮನೆಯಲ್ಲಿ ಅವಳು, ವಿಧವೆ ಮಗಳು, ಮಾಳಿಗೆ ಹತ್ತುವ ಗಂಡಸಿಲ್ಲ. ಹಳೆಯ ಕಾನೂನಿನ ಪ್ರಕಾರ ಮೊದಲ ಬುಟ್ಟಿ ಅವಳದು. ಮಿರಗಕ್ಕೆ ಮೊದಲು ನೀವೆಲ್ಲ ನನ್ನ ಜೊತೆ ಬನ್ನಿ, ಎಸ್‌ಟಿ ಬಸ್ಸಿನಲ್ಲಿ. ಹುಡೆಯೊಳಗೆ ಒಬ್ಬರೂ ಕಾಲಿಡಬಾರದು. ಹೊರಗೆ, ಬಯಲಿನಲ್ಲಿ ಉದುರಿ ಬಿದ್ದ ಮಣ್ಣಿದೆ, ಅದನ್ನು ತುಂಬಿ. ನಾನು ಎದುರಿಗೆ ನಿಂತು ಮೇಲೆ ನೋಡುತ್ತಿರುತ್ತೇನೆ. ಒಂದು ಚಿಟಿಕೆ ಹಿಟ್ಟು ಉದುರಿದರೂ ಕೂಗುತ್ತೇನೆ, ಅಕ್ಕಲಕೋಟಕ್ಕೆ ಕೇಳಿಸುವಷ್ಟು.

ಟೈಲ್ಸಿನ ಮೇಲಿನ ಆ ಚಿಟಿಕೆ ಮಣ್ಣನ್ನು ನಿಮ್ಮ ಅವ್ವ ಗುಡಿಸಲು ಬಂದಿದ್ದಳು. "ಇರಲಿ ಬಿಡು!" ಎಂದು ಕೂಗಿದೆ. ಕೆಳಗಿನ ಮನೆಯವರು ಬಾಗಿಲು ತೆರೆದು ಮೇಲೆ ನೋಡಿದರಂತೆ.