ಗಲಗಲಿಯಲ್ಲಿ ಡ್ರೋನ್ ಬಿದ್ದದ್ದು

ರಾಜಶ್ರೀಯ ಹೆಸರನ್ನು ಡ್ರೋನ್ ತರಬೇತಿಗೆ ಕೊಟ್ಟು ಬಂದದ್ದು ಅವಳ ಮಾವ ಅಣ್ಣಾಸಾಹೇಬರು. ಅವಳನ್ನು ಯಾರೂ ಕೇಳಲಿಲ್ಲ. ಗಲಗಲಿಯ ಮಹಿಳಾ ಸಂಘದ ಸಭೆಗೆ ಬಂದಿದ್ದ ಕೃಷಿ ಇಲಾಖೆಯ ಸಿದ್ದಾರ್ಥ ಅವರು, ಹತ್ತನೇ ಇಯತ್ತೆ ಪಾಸಾದ ಒಬ್ಬ ಹೆಣ್ಣುಮಗಳು ಬೇಕು, ಕಲಿತು ಲೈಸೆನ್ಸ್ ಪಡೆದರೆ ಬೆಳೆಗೆ ಔಷಧ ಸಿಂಪಡಿಸುವ ಡ್ರೋನ್ ಅವಳ ಹೆಸರಿಗೇ ಬರುತ್ತದೆ ಎಂದು ಹೇಳಿ ಹೋಗಿದ್ದರು. ಮಾತು ಸಂಜೆಯೊಳಗೆ ಕಟ್ಟೆಗೆ ಮುಟ್ಟಿತು. ಅಣ್ಣಾಸಾಹೇಬರು ಮನೆಗೆ ಬಂದು ಊಟಕ್ಕೆ ಕೂತು, "ಆ ಯಂತ್ರ ನಮ್ಮ ಮನಿಗೆ ಬರಬೇಕು. ಸೊಸಿ ಹೆಸರ ಕೊಟ್ಟ ಬಂದೇನಿ" ಎಂದರು.

ರಾಜಶ್ರೀ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು, ಮತ್ತೆ ಬಡಿಯತೊಡಗಿತು.

ಅವಳು ಬನಹಟ್ಟಿಯ ನೇಕಾರರ ಓಣಿಯಲ್ಲಿ ಬೆಳೆದವಳು. ಮಗ್ಗದ ಸದ್ದು ನಿಂತರೆ ಆ ಓಣಿಯಲ್ಲಿ ಮಕ್ಕಳಿಗೆ ಎಚ್ಚರವಾಗುತ್ತಿತ್ತು. ಹತ್ತನೇ ಇಯತ್ತೆ ಮುಗಿಸಿ ಜಮಖಂಡಿಯ ಕಾಲೇಜಿಗೆ ಹೋಗಬೇಕೆಂದಿದ್ದಳು. ಅಷ್ಟರಲ್ಲಿ ಗಲಗಲಿಯಿಂದ ಒಳ್ಳೆಯ ಮನೆತನ ಬಂತು, ತೋಟವಿದ್ದವರು, ಒಬ್ಬನೇ ಮಗ. ಗಂಡ ಸೋಮಲಿಂಗ ಕೆಟ್ಟವನಲ್ಲ. ಮಾತು ಕಡಿಮೆ, ಅಪ್ಪನ ಮುಂದಂತೂ ಇಲ್ಲವೇ ಇಲ್ಲ. ಆದರೆ ಮನೆ ಊರೊಳಗಿರಲಿಲ್ಲ, ತೋಟದೊಳಗಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ಕಬ್ಬು ತಲೆ ಮೀರಿ ನಿಲ್ಲುತ್ತಿತ್ತು. ಅಲ್ಲಿಂದ ಕಟಾವಿನವರು ಬರುವ ತನಕ ಅಂಗಳದಿಂದ ಯಾವ ದಿಕ್ಕಿಗೆ ನೋಡಿದರೂ ಕಬ್ಬೇ. ಕೃಷ್ಣಾ ನದಿ ಕೂಗಳತೆಯಲ್ಲಿದ್ದರೂ ಕಾಣುತ್ತಿರಲಿಲ್ಲ. ಹೊಸದರಲ್ಲಿ ಅವಳು ಅಟ್ಟಕ್ಕೆ ಹತ್ತಿ ನೋಡುತ್ತಿದ್ದಳು. ಸೊಸೆ ಪದೇಪದೇ ಅಟ್ಟ ಹತ್ತುವುದನ್ನು ಅತ್ತೆ ಸಾವಿತ್ರೆವ್ವ ಕಂಡು, ಮೇಲೆ ಏನು ಹುಡುಕುತ್ತೀ ಎಂದು ಕೇಳಿದ ಮೇಲೆ ಅದನ್ನೂ ಬಿಟ್ಟಳು.

ತರಬೇತಿ ಮೈಸೂರಿನ ಕಡೆಗೆ ಎಂದಾಗ ಸಾವಿತ್ರೆವ್ವ ಹೌಹಾರಿದಳು. "ಅಷ್ಟ ದೂರ ಒಬ್ಬಾಕಿನ್ನ ಹೆಂಗ ಕಳಸೋದು?"

"ಒಬ್ಬಾಕಿ ಅಲ್ಲ. ಬೀಳಗಿ ರೇಷ್ಮಾನೂ ಹೊಂಟಾಳ" ಎಂದರು ಅಣ್ಣಾಸಾಹೇಬರು. ಯಂತ್ರದ ಮೇಲೆ ಮನಸ್ಸು ಕೂತಿತ್ತು.

ಹಾಗೆ, ಶಾಲೆಗೆ ಹೋಗುವ ಮಗಳನ್ನು ಅತ್ತೆಯ ಕೈಯಲ್ಲಿಟ್ಟು, ರಾಜಶ್ರೀ ಮೊದಲ ಸಲ ಒಂದು ರಾತ್ರಿಯ ಬಸ್ಸಿನ ದೂರಕ್ಕೆ ಹೋದಳು. ಮೊದಲೆರಡು ದಿನ ಅಳು ಬಂತು. ಮೂರನೆಯ ದಿನ ರಿಮೋಟ್ ಕೈಗೆ ಬಂತು. ಕಲಿಸುವವರು ಹೇಳಿದರು, ಬಿಗಿ ಹಿಡಿಯಬೇಡಿ, ಬೆರಳು ಸಾಕು ಎಂದು. ಬಿಗಿ ಹಿಡಿದರೆ ಎಳೆ ಹರಿಯುತ್ತದೆ ಎನ್ನುವುದನ್ನು ಅವಳ ಬೆರಳು ಅಪ್ಪನ ಮಗ್ಗದ ಮುಂದೆಯೇ ಕಲಿತಿತ್ತು. ಡ್ರೋನ್ ನೆಲ ಬಿಟ್ಟು ಎದ್ದಿತು, ನಿಂತಿತು. ರಿಮೋಟಿನ ಪರದೆಯಲ್ಲಿ ಮೈದಾನ ಕಂಡಿತು, ಅದರಾಚೆ ರಸ್ತೆ, ಒಂದು ಕೆರೆ, ಮತ್ತೆ ನಡುವೆ ಎಲ್ಲೋ ಹಸಿರು ಸೀರೆಯ ಒಂದು ಚುಕ್ಕೆ. ಆ ಚುಕ್ಕೆ ತಾನೇ ಎಂದು ತಿಳಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ರೇಷ್ಮಾ, "ಏನ ಆತ ಬೇ ನಿನಗ?" ಎಂದು ಹೆದರಿದಳು.

ಯಂತ್ರ ಊರಿಗೆ ಬಂದ ದಿನ ಗಲಗಲಿಯ ಅರ್ಧ ಜನ ಬದುವಿನ ಮೇಲಿದ್ದರು. ರಾಜಶ್ರೀ ಮೊದಲು ಹೊಲದ ಸುತ್ತ ನಡೆದು ಕಂಬ, ಗಿಡ, ತಂತಿ ನೋಡಿಕೊಂಡು ಬಂದು ಡ್ರೋನ್ ಎಬ್ಬಿಸಿದಳು. ಯಾರೋ ಸಾಕಿದ್ದ ಮುಧೋಳ ನಾಯಿಯೊಂದು ನೆಲದ ಮೇಲಿನ ಅದರ ನೆರಳನ್ನು ಮೊಲವೆಂದು ಬಗೆದು ಅಟ್ಟಿಸಿಕೊಂಡು ಹೋಯಿತು. ಜನ ಹೊಟ್ಟೆ ಹಿಡಿದು ನಕ್ಕರು. ಬೆನ್ನಿಗೆ ಪಂಪು ಕಟ್ಟಿಕೊಂಡು, ಗರಿ ಮೈ ಕೊರೆಯುವ ಕಬ್ಬಿನೊಳಗೆ ನುಗ್ಗಿ ಔಷಧದ ಎಣ್ಣೆ ಹೊಡೆಯುತ್ತಿದ್ದವರು ಕಣ್ಣೆದುರೇ ಎಕರೆಗಟ್ಟಲೆ ಮುಗಿದದ್ದು ನೋಡಿ ಯಂತ್ರ ಇಳಿದ ಕಡೆಗೆ ಸರಿದರು.

ಆದರೆ ಮರುದಿನದಿಂದ ಜನ ಮಾತಾಡಿಸಿದ್ದು ಸೋಮಲಿಂಗನನ್ನು. "ಸೋಮಣ್ಣಾ, ನಾಳಿ ನಮ್ಮ ತ್ವಾಟಕ್ಕ ಬಾರಪಾ." ಯಂತ್ರ ಹೊರುವ ಮೂರು ಗಾಲಿಯ ಟಂಟಂ ಗಾಡಿ ಓಡಿಸುವವನು ಅವನು, ಟ್ಯಾಂಕು ತುಂಬುವವನು ಅವನು. ಕೆಲ ದಿನ ಕಳೆದ ಮೇಲೆ, "ಕೊಡಿಲ್ಲೆ, ನಾ ಒಂದ ಸುತ್ತ ನೋಡ್ತೇನಿ" ಎಂದ. ಅವಳೇ ಕಲಿಸಿದಳು. ಕಲಿಸುವಾಗ ಖುಷಿಯೂ ಆಗಿತ್ತು, ಅವನ ಬೆರಳಿನ ಮೇಲೆ ಬೆರಳಿಟ್ಟು ಹೇಳಿಕೊಟ್ಟಿದ್ದಳು. ಒಂದು ಸುತ್ತು ಎರಡಾಯಿತು. ಶ್ರಾವಣದ ಹೊತ್ತಿಗೆ ರಿಮೋಟ್ ಅವನ ಕೈಯಲ್ಲಿ, ಟ್ಯಾಂಕು ಬ್ಯಾಟರಿ ಅವಳ ಕೈಯಲ್ಲಿ. ಸಾಹೇಬರು ಯಾರಾದರೂ ಫೋಟೋ ತೆಗೆಯಲು ಬಂದರೆ ಮಾತ್ರ ಅವನು ಅದನ್ನು ಅವಳಿಗೆ ದಾಟಿಸಿ ಹಿಂದೆ ಸರಿಯುತ್ತಿದ್ದ.

ಹಾಗೆಂದು ಮನೆಯಲ್ಲಿ ಕೂರುವಂತೆಯೂ ಇರಲಿಲ್ಲ. ಲೈಸೆನ್ಸು ಅವಳದು, ಅವಳು ಬದುವಿನ ಮೇಲೆ ಇರಲೇಬೇಕು. ನಾಗರ ಪಂಚಮಿಗೆ ತವರಿಗೆ ಕರೆಯಲು ಅಣ್ಣ ಬನಹಟ್ಟಿಯಿಂದ ಬಂದಾಗ ಅಣ್ಣಾಸಾಹೇಬರು ಚಹಾ ಕುಡಿಸಿ, "ಎಣ್ಣಿ ಹೊಡಿಯೋ ಹಂಗಾಮ ಐತಿ. ಆಕಿ ಇಲ್ದ ಯಂತ್ರ ಎತ್ತಾಕ ಬರಾಂಗಿಲ್ಲ" ಎಂದು ಕಳಿಸಿದರು. ಅಣ್ಣ ತಂದಿದ್ದ ಕುಬುಸದ ಬಟ್ಟೆಯ ಕಣವನ್ನು ಅವಳು ಟ್ರಂಕಿನಲ್ಲಿಟ್ಟಳು. ಡ್ರೋನ್ ಬರುವ ಮುಂಚೆ ವರ್ಷಕ್ಕೊಮ್ಮೆಯಾದರೂ ತವರಿಗೆ ಹೋಗುತ್ತಿದ್ದಳು.

ದಸರೆ ಮುಗಿದ ಮೇಲೆ ಮುಧೋಳದಲ್ಲಿ ಯುವಜನರ ಡ್ರೋನ್ ಶಿಬಿರವೆಂದು ಸಿದ್ದಾರ್ಥ ಅವರು ಹೇಳಿದ್ದು ಆ ದಿನಗಳಲ್ಲೇ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲ ಕಡೆಯಿಂದ ಕಾಲೇಜು ಹುಡುಗ ಹುಡುಗಿಯರು ಬರುತ್ತಾರೆ, ಒಂದು ವಾರ ಇರುತ್ತಾರೆ. "ಹುಡಿಗ್ಯಾರಿಗೆ ನೀವ ಕಲಿಸಬೇಕ್ರಿ ಅಕ್ಕಾರ. ನಿಮ್ಮ ಕೈ ಛಲೋ ಐತಿ, ಮೈಸೂರಿನವರೂ ಹೇಳ್ಯಾರ" ಎಂದರು.

ಆ ಮಾತನ್ನು ಅವಳು ಇಡೀ ದಿನ ಯಾರಿಗೂ ಹೇಳದೆ ಇಟ್ಟುಕೊಂಡಳು. ಮೈಸೂರಿನವರು ತನ್ನನ್ನು ನೆನಪಿಟ್ಟಿದ್ದಾರೆ. ಸಂಜೆ ಮಾವನ ಮುಂದೆ ಇಟ್ಟಾಗ ಅವರು, "ನೋಡೂಣು" ಎಂದರು. ಆ ಮನೆಯಲ್ಲಿ 'ನೋಡೂಣು' ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಕೇಳಿದವರು ಕಾಯುತ್ತಿರಬೇಕು.

ಅವಳು ಕಾಯುತ್ತಿದ್ದಾಗಲೇ ಡ್ರೋನ್ ಬಿತ್ತು.

ಅಂದು ಕೆಲಸ ಗಿರಮಲ್ಲಪ್ಪನ ತೋಟದಲ್ಲಿ. ಗಿರಮಲ್ಲಪ್ಪ ಅಣ್ಣಾಸಾಹೇಬರ ವಾರಿಗೆಯವನು, ಬೀಗನೂ ಹೌದು. ಬೋರಿನ ಮೋಟಾರಿಗೆ ಅವನು ಹೊಸದಾಗಿ ತಂತಿ ಎಳೆಸಿದ್ದಾನೆಂದು ರಾಜಶ್ರೀಗೆ ಕೂಲಿ ಹೆಂಗಸರಿಂದ ತಿಳಿದಿತ್ತು. "ಒಂದ ಸಲ ಸುತ್ತ ನಡದ ನೋಡೂಣ್ರಿ. ತಂತಿ ಎಲ್ಲಿ ಐತೋ ಏನೋ" ಎಂದಳು.

"ಹುಟ್ಟಿದಾಗಿಂದ ಓಡ್ಯಾಡಿದ ಹೊಲ ಇದು. ನನಗ ಗೊತ್ತೈತಿ" ಎಂದು ಸೋಮಲಿಂಗ ಎಬ್ಬಿಸಿಯೇ ಬಿಟ್ಟ.

ಎರಡು ಸಾಲು ಮುಗಿಯಿತು. ಮೂರನೆಯದಕ್ಕೆ ತಿರುಗುವಾಗ ಕಬ್ಬಿನ ಗರಿಗಳ ಮರೆಯಲ್ಲಿದ್ದ ತಂತಿಗೆ ರೆಕ್ಕೆ ತಗುಲಿತು. ಚಟ್ ಎಂಬ ಸದ್ದು, ಆಮೇಲೆ ಕಬ್ಬಿನೊಳಗೆ ಏನೋ ಭಾರವಾದದ್ದು ಮುರಿದುಕೊಂಡು ಬಿದ್ದ ಸದ್ದು. ಕರೆಂಟು ತೆಗೆಸಿ ಇಬ್ಬರೂ ಒಳಗೆ ನುಗ್ಗಿದರು. ಒಂದು ತೋಳು ಮುರಿದು ನೇತಾಡುತ್ತಿತ್ತು, ಟ್ಯಾಂಕು ಒಡೆದು ಔಷಧ ಹರಿಯುತ್ತಿತ್ತು. ಸೋಮಲಿಂಗ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಬದುವಿನ ಮೇಲೆ ನಿಂತಿದ್ದು ಓಡಿ ಬಂದ ಗಿರಮಲ್ಲಪ್ಪ ಗಂಡನನ್ನೂ ಹೆಂಡತಿಯನ್ನೂ ನೋಡಿ, "ಯಾರಿಗೂ ಏನೂ ಆಗಿಲ್ಲಲ್ಲ, ಬಿಡು" ಎಂದಷ್ಟೇ ಅಂದ.

ಮನೆಯಲ್ಲಿ ಅಣ್ಣಾಸಾಹೇಬರು ಮುರಿದ ಯಂತ್ರದ ಸುತ್ತ ಒಮ್ಮೆ ಬಂದರು. ಆಮೇಲೆ ಸೊಸೆಯನ್ನು ಕರೆದರು. "ಲೈಸೆನ್ಸ್ ಇಲ್ಲದಾವ ಹಾರಿಸಿದಾ ಅಂದ್ರ ವಿಮಾ ಬರಾಂಗಿಲ್ಲ. ಯಂತ್ರಾನೂ ಕಸಗೊಂಡ ಹೋಗತಾರ. ನಾಳಿ ಸಿದ್ದಾರ್ಥ ಸಾಹೇಬ ಬರ್ತಾನ. ನೀನ ಹಾರಿಸಿದ್ದಿ ಅನ್ನು."

"ನಾನ ಕೆಡವಿದ್ನಿ ಅಂದ್ರ ಮುಧೋಳಕ್ಕ ನನ್ನ ಕರೀತಾರೇನ್ರಿ ಮಾವಾರ?" ಅವಳು ಅಷ್ಟು ಜೋರಾಗಿ ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ.

ಉತ್ತರ ಕೊಟ್ಟದ್ದು ಸಾವಿತ್ರೆವ್ವ. "ಮುಧೋಳ ಎಲ್ಲಿ ಓಡಿ ಹೋಗತೈತಿ ಬಿಡವಾ. ಊರಾಗ ಗಂಡನ್ನ ತಲಿ ತೆಗ್ಗಿಸೂ ಹಂಗ ಮಾಡಬ್ಯಾಡ."

ಅಂಗಳದಲ್ಲಿ ಕೈ ತೊಳೆಯುವಾಗ ಸೋಮಲಿಂಗ ಹತ್ತಿರ ಬಂದ. "ತಪ್ಪ ನಂದ. ಆದ್ರ ಅಪ್ಪ ಹೇಳಿದ ಮ್ಯಾಲ ನಾ ಏನ ಮಾಡ್ಲಿ?" ಎಂದ. ಅವಳು ಅವನ ಕೈಗೆ ನೀರು ಹಾಕಿದಳು. ಆ ಮನೆಯಿಂದ ಹೊರಬೀಳಲು ತನಗೆಷ್ಟು ಬಾಗಿಲೋ ಅವನಿಗೂ ಅಷ್ಟೇ ಎಂದು ಅವಳಿಗೆ ಆಗ ಅನಿಸಿತು. ಅದರಿಂದ ಸಿಟ್ಟು ಕಡಿಮೆಯೇನೂ ಆಗಲಿಲ್ಲ.

ಮರುದಿನ ಸಿದ್ದಾರ್ಥ ಅವರು ಮುರಿದ ತೋಳನ್ನು ತಿರುವಿ ತಿರುವಿ ನೋಡಿದರು. "ಯಾರ ಕೈಯಾಗ ಇತ್ರಿ ರಿಮೋಟ್?"

"ನನ್ನ ಕೈಯಾಗ್ರಿ."

"ಹಾರಸೂಕಿಂತ ಮೊದಲ ಸುತ್ತ ನಡದ ನೋಡಿದ್ರಿಲ್ಲೋ?"

"ಇಲ್ರಿ."

ಮೊದಲ ಸುಳ್ಳಿಗಿಂತ ಎರಡನೆಯದು ಅವಳನ್ನು ಹೆಚ್ಚು ಸುಟ್ಟಿತು. ನಡೆದು ನೋಡದೆ ಅವಳು ಎಂದೂ ಎಬ್ಬಿಸಿದವಳಲ್ಲ. ಸಿದ್ದಾರ್ಥ ಅವರಿಗೆ ಅದು ಗೊತ್ತಿತ್ತು. "ನೀವು ಮರಿಯೂರಲ್ಲಲ್ರಿ ಅಕ್ಕಾರ" ಎಂದು ಅವರು ಉತ್ತರಕ್ಕೆ ಕಾದರು. ಅಣ್ಣಾಸಾಹೇಬರು ಬಾಗಿಲಲ್ಲಿ ನಿಂತಿದ್ದರು, ಸೋಮಲಿಂಗ ಗಾಡಿಯ ಹತ್ತಿರ. ರಾಜಶ್ರೀ ನೆಲ ನೋಡಿದಳು. ಅವರು ಬರೆದುಕೊಂಡು ಹೋದರು.

ಮುಧೋಳಕ್ಕೆ ರೇಷ್ಮಾ ಹೋದಳು. ಶಿಬಿರದ ಫೋಟೋಗಳನ್ನು ಫೋನಿಗೆ ಕಳಿಸಿದಳು. ಹುಡುಗಿಯರ ಗುಂಪು, ಎಲ್ಲರ ಮುಖ ಮೇಲಕ್ಕೆ, ಆಕಾಶಕ್ಕೆ. ರಾಜಶ್ರೀ ಒಂದನ್ನು ದೊಡ್ಡದು ಮಾಡಿ ನೋಡಿದಳು. ಬನಹಟ್ಟಿಯ ಯಾವುದಾದರೂ ಪರಿಚಯದ ಮುಖ ಇದೆಯೇನೋ ಎಂದು.

ಯಂತ್ರ ದುರಸ್ತಿಯಾಗಿ ಬಂದ ಮೇಲೆ ಸೋಮಲಿಂಗ ರಿಮೋಟ್ ಮುಟ್ಟಲಿಲ್ಲ. ಮತ್ತೆ ಅವಳೇ ಹಾರಿಸತೊಡಗಿದಳು. ಬೇಕಾದದ್ದು ಕೈಗೆ ಬಂದಿತ್ತು, ಬಂದ ರೀತಿ ಮಾತ್ರ ಬೇರೆ. "ನೋಡ್ಕೊಂತ ಹಾರ್ಸವಾ ತಂಗಿ" ಎನ್ನದ ರೈತನಿರಲಿಲ್ಲ. "ಸೋಮಣ್ಣಾ, ನೀ ಆಕಿ ಬಾಜೂಕ ನಿಲ್ಲು" ಎನ್ನುತ್ತಿದ್ದರು. ಅವನು ನಿಲ್ಲುತ್ತಿದ್ದ. ಅವಳ ಭುಜದ ಹಿಂದೆ ನಿಂತು, ಜನ ಕೇಳುವಂತೆ, "ಸಾವಕಾಶ, ಎಡಕ್ಕ" ಎನ್ನುತ್ತಿದ್ದ. ಎಡಕ್ಕೆ ಅವಳು ಆಗಲೇ ತಿರುಗಿಸಿರುತ್ತಿದ್ದಳು. ಎಲ್ಲ ಕಂಡಿದ್ದ ಗಿರಮಲ್ಲಪ್ಪ ಕೂಡ ಕಟ್ಟೆಯ ಮೇಲೆ ಮಾತು ಬಂದಾಗ ಎಲೆಗೆ ಸುಣ್ಣ ಹಚ್ಚುತ್ತ ಸುಮ್ಮನಿರುತ್ತಿದ್ದ. ವರ್ಷ ತಿರುಗುವಷ್ಟರಲ್ಲಿ ಆ ಸುಳ್ಳನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಯಾರಾದರೂ ಕೇಳಿದರೆ ಬಾಯಿ ತಾನಾಗಿ ಹೇಳಿ ಮುಗಿಸುತ್ತಿತ್ತು.

ಮುಂದಿನ ದಸರೆಯ ನಂತರ ಶಿಬಿರದ ಹುಡುಗಿಯರನ್ನು ಸಿದ್ದಾರ್ಥ ಅವರು ಒಂದು ದಿನದ ಮಟ್ಟಿಗೆ ಗಲಗಲಿಗೇ ಕರೆತಂದರು. ಸೊಸೆ ಹೊರಗೆ ಹೋಗುವುದಲ್ಲವಲ್ಲ, ಅಣ್ಣಾಸಾಹೇಬರು ಒಪ್ಪಿದರು. ಹುಡುಗಿಯರು ಬದುವಿನ ಮೇಲೆ ಸಾಲಾಗಿ ನಿಂತರು. ಅವರ ಪ್ರಶ್ನೆಗಳಿಗೆಲ್ಲ ಸೋಮಲಿಂಗ ಉತ್ತರ ಹೇಳುತ್ತಿದ್ದ. ಹಾರಿಸಿದವಳು ರಾಜಶ್ರೀ. ಡ್ರೋನ್ ಕಬ್ಬಿನ ಮೇಲೆ ಹೋದ ಮೇಲೆ ಹುಡುಗಿಯರು ಆಕಾಶ ಬಿಟ್ಟು ಅವಳ ಬೆರಳು ನೋಡತೊಡಗಿದರು. ಅವಳಿಗೆ ಅದು ತಿಳಿಯಿತು. ಎಷ್ಟೋ ತಿಂಗಳ ಮೇಲೆ ಬೆರಳು ಹಗುರಾದವು.

ಯಂತ್ರ ಇಳಿದ ಮೇಲೆ ಜಮಖಂಡಿಯ ಪೂನಮ್ ಎಂಬ ಹುಡುಗಿ ಮುಂದೆ ಬಂದಳು. ಕೈಯಲ್ಲಿ ಪೆನ್ನು, ಮುಖದಲ್ಲಿ ಅಂಜಿಕೆಯಿಲ್ಲ. "ಅಕ್ಕಾ, ಹ್ವಾದ ವರ್ಷ ಇದು ಬಿದ್ದಿತ್ತಂತಲ್ರಿ. ಹೆಂಗ ಬಿತ್ರಿ?"

ಸೋಮಲಿಂಗ ಬ್ಯಾಟರಿ ಬಿಚ್ಚುತ್ತಿದ್ದವನು ಹಾಗೆಯೇ ಬಗ್ಗಿ ನಿಂತ. ಗಾಳಿಯಿಂದ ಬಿತ್ತು ಎಂದು ರಾಜಶ್ರೀ ಹೇಳಬಹುದಿತ್ತು. ಆದರೆ ಇವರು ನಾಳೆ ತಮ್ಮ ತಮ್ಮ ಊರಲ್ಲಿ ಹಾರಿಸುವವರು. ಗಾಳಿಯನ್ನಷ್ಟೇ ನೋಡಿ ತಂತಿ ನೋಡುವುದನ್ನು ಬಿಟ್ಟರೆ? ಅವಳು ಅದನ್ನೇ ಯೋಚಿಸುತ್ತ ಉತ್ತರ ಕೊಟ್ಟಳು.

"ಹೊಲಾ ಸುತ್ತಿ ತಂತಿ ನೋಡಲಾರದ ಹಾರಿಸಿದ್ರು. ಅದಕ್ಕ ಬಿತ್ತು."

'ಹಾರಿಸಿದ್ನಿ' ಎನ್ನಬೇಕಿತ್ತು. 'ಹಾರಿಸಿದ್ರು' ಎಂದು ಬಂದಿತ್ತು. ಮಾತು ಬಾಯಿ ಬಿಟ್ಟ ಮೇಲೆ ಅವಳಿಗೂ ಕೇಳಿಸಿತು.

"ಅಂದ್ರ ನೀವಲ್ಲೇನ್ರಿ?" ಎಂದಳು ಪೂನಮ್.

ಸಿದ್ದಾರ್ಥ ಅವರು ದೂರದ ಕಂಬವನ್ನು ನೋಡುತ್ತಿದ್ದರು. ಸೋಮಲಿಂಗನ ಕಿವಿ ಕೆಂಪಾಗಿದ್ದವು. ತಿದ್ದಿಕೊಳ್ಳಲು ಇನ್ನೂ ಸಮಯವಿತ್ತು. ರಾಜಶ್ರೀ ತಿದ್ದಿಕೊಳ್ಳಲಿಲ್ಲ. "ಹೆಂಗ ನೋಡಬೇಕು ತೋರಸ್ತೇನಿ, ಬರ್ರಿ" ಎಂದು ಹುಡುಗಿಯರನ್ನು ಕರೆದುಕೊಂಡು ಹೊಲದ ಸುತ್ತ ಹೊರಟಳು. ಪ್ರತಿ ಕಂಬದ ಹತ್ತಿರ ನಿಂತು ಮಾತಾಡಿದಳು. ಕಬ್ಬಿನ ಆಚೆ ಬದಿಗೆ ಹೋದಾಗ, ಅಲ್ಲಿ ಯಾರೂ ಕಾಣದಿದ್ದಾಗ, ಬಹಳ ಮಾತಾಡಿದಳು.

ಅವಳು ಮನೆ ಮುಟ್ಟುವ ಮುಂಚೆ ಮಾತು ಮುಟ್ಟಿತ್ತು. ಅಣ್ಣಾಸಾಹೇಬರು ಊಟಕ್ಕೆ ಏಳಲಿಲ್ಲ. "ಒಂದ ಮಾತ ತಡ್ಯಾಕ ಆಗಲಿಲ್ಲ ನಿನಗ?"

ಸೋಮಲಿಂಗ ಗೋಡೆಗೆ ಒರಗಿ ಕೂತಿದ್ದವನು ಹೇಳಿದ. "ನಾನ ಹಾರಿಸಿದ್ನೆಪ್ಪಾ. ಆಕಿ ಖರೆ ಹೇಳ್ಯಾಳ."

ಅಪ್ಪನ ಮುಂದೆ ಅವನು ಹಾಗೆ ಬಾಯಿ ಬಿಟ್ಟದ್ದು ಅದೇ ಮೊದಲು. ಆದರೆ ಅದರಿಂದ ಮನೆ ಬದಲಾಗಲಿಲ್ಲ. "ಇನ್ನ ಮ್ಯಾಲ ಯಾರೂ ನಮ್ಮ ಹೊಲಕ್ಕ ಕಲಿಯಾಕ ಬರೂದ ಬ್ಯಾಡ. ಈಕಿನೂ ಎಲ್ಲೂ ಹೋಗೂದಲ್ಲ" ಎಂದು ಅಣ್ಣಾಸಾಹೇಬರು ಎದ್ದು ಒಳಗೆ ಹೋದರು. ಮಗನ ಆ ದಿನದ ಧೈರ್ಯ ಅಲ್ಲಿಗೆ ಮುಗಿದಿತ್ತು. ಸಾವಿತ್ರೆವ್ವ ಹಲವು ದಿನ ಸೊಸೆಯೊಂದಿಗೆ ಮೊಮ್ಮಗಳ ಮೂಲಕವೇ ಮಾತಾಡಿದಳು. ಇಲಾಖೆಯಿಂದ ಯಾರೂ ಬಂದು ಕೇಳಲಿಲ್ಲ. ಸಿದ್ದಾರ್ಥ ಅವರು ಆಮೇಲೆ ಒಮ್ಮೆ ಮುಧೋಳದ ಮಾತು ಎತ್ತಿ, ಅವಳ ಮುಖ ನೋಡಿ, ತಾವೇ ಬಿಟ್ಟುಬಿಟ್ಟರು.

ಕೆಲಸ ಮಾತ್ರ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ನದಿಯ ದಂಡೆಯ ಒಂದು ತೋಟಕ್ಕೆ ಹೋಗಬೇಕಿತ್ತು. ಗಾಡಿ ನಿಲ್ಲಿಸಿದ ಸೋಮಲಿಂಗ ಹೇಳದೆ ಕೇಳದೆ ಬದು ಹಿಡಿದು ಹೊರಟ. ಕಬ್ಬಿನ ಸುತ್ತ ಹೋಗಿ ಬೆವರುತ್ತ ಮರಳಿ ಬಂದು, "ಬಡಗಣ ಬಾಜೂಕ ಒಂದ ತಂತಿ ಐತಿ. ಮತ್ತೇನಿಲ್ಲ" ಎಂದ.

"ಹೂಂ" ಎಂದಳು ರಾಜಶ್ರೀ. ಆಮೇಲೆ ರಿಮೋಟನ್ನು ಗಾಡಿಯ ಮೇಲಿಟ್ಟು, ಸೆರಗು ಬಿಗಿದುಕೊಂಡು, ತಾನೂ ಒಮ್ಮೆ ಸುತ್ತಿ ನೋಡಲು ಹೊರಟಳು.