ಬಳ್ಳಾರಿ ಬಿಸಿಲಿಗೊಂದು ಹೀಟರ್

ಹೋದ ವಾರ ಗ್ಯಾರೇಜಿನಲ್ಲಿ ನನ್ನ ಕಾರಿಗೆ ಎಂಜಿನ್ ತಣ್ಣಗಿಡುವ ಕೂಲಂಟ್ ತುಂಬಿಸುವಾಗ ಸ್ವಲ್ಪ ಹೊರಗೆ ಚೆಲ್ಲಿತು. ಬಿಸಿ ಎಂಜಿನ್ನಿನ ಮೇಲೆ ಬಿದ್ದ ಆ ಹಸಿರು ನೀರು ಆವಿಯಾಗಿ ಮೂಗಿಗೆ ಬಂತು. ತಳ ಹತ್ತಿದ ಬೆಲ್ಲದ ಪಾಕದಂಥ ಸಿಹಿ ವಾಸನೆ, ಕೊನೆಯಲ್ಲಿ ಒಂದಿಷ್ಟು ಔಷಧಿಯ ಒಗರು. ತಕ್ಷಣ ನನ್ನ ಅಂಗಾಲು ಒದ್ದೆಯಾದಂತೆ ಅನಿಸಿ ಬಗ್ಗಿ ನೋಡಿದೆ. ಚಪ್ಪಲಿ ಒಣಗಿಯೇ ಇತ್ತು.

ಆ ಒದ್ದೆ ಹದಿನೈದು ವರ್ಷ ಹಿಂದಿನದು. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರಮ್ಮನ ಕಾರಿನದು.

ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಬಿಟ್ಟುಹೋದದ್ದರಲ್ಲಿ ಟೀಚರಮ್ಮ ದಿನಾ ಮುಟ್ಟಿ ಒರೆಸುತ್ತಿದ್ದದ್ದು ಒಂದನ್ನೇ: ಎರಡೇ ಸೀಟಿನ, ಮಡಚುವ ಟಾಪಿನ, ನೆಲಕ್ಕೆ ಅಂಟಿಕೊಂಡಂತಿದ್ದ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು. ನನ್ನ ನೆನಪಿನಲ್ಲಿ ಅದು ರಕ್ತಗೆಂಪು. ಡೈರಿಯಲ್ಲಿ ಮಾತ್ರ ‘ಬಾಡಿದ ಟೊಮೇಟೊ’ ಎಂದು ಬರೆದುಕೊಂಡಿದ್ದೇನೆ. ಡೈರಿಯನ್ನೇ ನಂಬುವುದು ಒಳ್ಳೆಯದು.

ಸಿರುಗುಪ್ಪದಲ್ಲಿ ರೈಸ್ ಮಿಲ್ ಇಟ್ಟಿದ್ದ ಅವರ ಮೈದುನ ಆ ಕಾರಿಗೆ ಗಿರಾಕಿ ಹುಡುಕಿದ್ದರು. ಕೆಟ್ಟ ಮನುಷ್ಯರಲ್ಲ. ಅರವತ್ತೈದರ ಅತ್ತಿಗೆ ಒಬ್ಬರೇ ಆ ಗಾಡಿಯ ಜೊತೆ ಏಗುವುದು ಬೇಡ ಎಂಬ ಕಾಳಜಿ ಅಷ್ಟೇ. ಟೀಚರಮ್ಮ ಒಂದು ಷರತ್ತು ಹಾಕಿದರು. ತಾವೇ ಅದನ್ನು ಸಿರುಗುಪ್ಪಕ್ಕೆ ಓಡಿಸಿಕೊಂಡು ಬರುತ್ತಾರೆ. ಕಾರು ಮೈದುನನ ಬಾಗಿಲಿಗೆ ತನ್ನ ಕಾಲ ಮೇಲೆ ಬಂದು ನಿಂತರೆ ಮಾರುವ ಮಾತು ಮತ್ತೆ ಎತ್ತಬಾರದು. ಹಗ್ಗ ಕಟ್ಟಿ ಎಳೆದು ತರಬೇಕಾದರೆ ಗಿರಾಕಿ ಅಂದೇ ಒಯ್ಯಬಹುದು.

ಜೊತೆಗೆ ಹೋಗಲು ನಾನು ಒಪ್ಪಿದೆ. ಆಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ಬೇಸಿಗೆ ರಜೆಯಿತ್ತು. ಕಂಟೋನ್ಮೆಂಟಿನಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಮಂಜಾಯಿತು, ಸಿಹಿ ವಾಸನೆ ಬಂತು, ನನ್ನ ಎಡಗಾಲು ಒದ್ದೆಯಾಯಿತು. ಡ್ಯಾಶ್‌ಬೋರ್ಡಿನ ಹಿಂದಿನ ಹೀಟರ್ ಸೋರುತ್ತಿತ್ತು.

ರೇಡಿಯೇಟರ್ ಮೇಸ್ತ್ರಿ ಬಂದು, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ನೋಡಿದರು. ಅವರು ಹೀಟರ್ ತಪ್ಪಿಸಿ, ಅದಕ್ಕೆ ಹೋಗುವ ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿಬಿಟ್ಟರು. ಬಳ್ಳಾರಿಯಲ್ಲಿ ಹೀಟರ್ ಯಾಕೆ ಎಂದು ಮೇಸ್ತ್ರಿಯೇ ನಕ್ಕರು... ಹೀಗೆಂದು ಇಷ್ಟು ವರ್ಷ ಎಷ್ಟೋ ಜನರಿಗೆ ಹೇಳಿದ್ದೇನೆ. ಇದನ್ನು ಬರೆಯಲು ಕೂತಾಗ ಡೈರಿ ತೆಗೆದೆ. ‘ಬಳ್ಳಾರಿಯಾಗ ಹೀಟರ್ ಹಾಕ್ಸೋದಂದ್ರ ತುಂಗಭದ್ರಾಕ್ಕ ಕೊಡದಾಗ ನೀರು ಹೊತ್ತು ಹಾಕಿದಂಗ’ ಎಂದು ಅಲ್ಲಿದೆ. ಕೆಳಗೆ ನನ್ನದೇ ಅಕ್ಷರದಲ್ಲಿ: ‘ನಾನು ಅಂದದ್ದಕ್ಕೆ ಎಲ್ಲರೂ ನಕ್ಕರು.’

ಸಿರುಗುಪ್ಪಕ್ಕೆ ಮುಂಚೆ ಪರೀಕ್ಷೆಗೆಂದು ಕುರುಗೋಡಿಗೆ ಹೊರಟೆವು. ಊರಿನ ಬಂಡೆಗುಡ್ಡ ಕಾಣುವ ಹೊತ್ತಿಗೆ ಬಾನೆಟ್ಟಿನಿಂದ ಇಡ್ಲಿ ಪಾತ್ರೆಯಂತೆ ಹಬೆ ಎದ್ದಿತು. ಕೊನೆಗೆ ಒಂದು ಟ್ರ್ಯಾಕ್ಟರು ಹಗ್ಗ ಕಟ್ಟಿ ನಮ್ಮನ್ನು ಬಳ್ಳಾರಿಗೆ ಎಳೆದು ತಂದಿತು. ದಾರಿಯುದ್ದಕ್ಕೂ ಟೀಚರಮ್ಮ ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತಿದ್ದರು.

“ಇದು ಕುರುಗೋಡು. ಸಿರುಗುಪ್ಪ ಅಲ್ಲ. ಲೆಕ್ಕಕ್ಕಿಲ್ಲ,” ಎಂದು ನನಗೆ ಎರಡು ಸಲ ಹೇಳಿದರು. ಮೂರನೇ ಸಲ ಹೇಳುವಾಗ ದನಿ ಸಣ್ಣದಾಗಿತ್ತು.

ಮೇಸ್ತ್ರಿ ಬಂದು ನೋಡಿ ತಲೆ ಕೆರೆದುಕೊಂಡರು. “ಹೀಟರ್ ಇದ್ದಿದ್ರ ಇಷ್ಟು ಕುದೀತಿದ್ದಿಲ್ರಿ ಅಮ್ಮಾ. ಅದೂ ಒಂದು ಸಣ್ಣ ರೇಡಿಯೇಟರೇ ಅಲ್ಲೇನ್ರಿ? ಎಂಜಿನ್ ಬಿಸಿ ಎತ್ತಿ ನಿಮ್ಮ ಕಾಲಿಗೆ ತಂದು ಹಾಕತೈತಿ. ನೀವು ಬೇಯ್ತೀರಿ, ಎಂಜಿನ್ ಉಳೀತೈತಿ.”

“ಮತ್ತ ಅವತ್ತು ಯಾಕ ತಪ್ಪಿಸಿದ್ರಿ?” ಎಂದೆ.

“ನೀವೇ ಹೇಳಿದ್ರಲ್ರಿ ಮಾಸ್ತರ. ಓದಿದಾರು, ಏನೋ ಗೊತ್ತಿದ್ದೇ ಹೇಳತಾರ ಅಂದ್ಕೊಂಡೆ.”

ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಟೀಚರಮ್ಮನ ಕಡೆ ನೋಡಿದೆ. ಅವರಿಗೆ ನನ್ನ ಪರಿವೆ ಇರಲಿಲ್ಲ. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

“ನಮ್ಮನಿಯವ್ರು ಬ್ಯಾಸಗ್ಯಾಗ ಬೇಕಂತ ಹೀಟರ್ ಹಚ್ತಿದ್ರಲೇ! ಕೇಳಿದ್ರ ಸುಮ್ನ ನಗತಿದ್ರು. ನನ್ನ ಕಾಡಾಕ ಅಂತ ಇಪ್ಪತ್ತು ವರ್ಷ ಬೈದೀನಿ ನೋಡು.” ಆಮೇಲೆ ಕಣ್ಣೊರೆಸಿಕೊಂಡರು. ನಗೆಯ ನೀರೋ ಬೇರೆಯದೋ... ಡೈರಿಯಲ್ಲೂ ಬರೆದಿಲ್ಲ.

ಡ್ಯಾಶ್‌ಬೋರ್ಡು ಅರ್ಧ ಬಿಚ್ಚಿ ಹಳೆಯ ಹೀಟರನ್ನು ಹೊರತೆಗೆಯಲು ಒಂದು ದಿನವೇ ಹಿಡಿಯಿತು. ಅದರ ಹಿತ್ತಾಳೆಯ ಕೊಳವೆಗಳು ಪುಡಿಪುಡಿಯಾಗಿದ್ದವು. ಹೊಸದು ಎಲ್ಲೂ ಸಿಗಲಿಲ್ಲ. ಮೇಸ್ತ್ರಿ ಯಾವುದೋ ಹಳೆಯ ವ್ಯಾನಿನದನ್ನು ಅಳತೆಗೆ ಕತ್ತರಿಸಿ, ಬೆಸುಗೆ ಹಾಕಿ, ಅದೇ ಪೆಟ್ಟಿಗೆಗೆ ಕೂರುವಂತೆ ಮಾಡಿದರು. ಪರೀಕ್ಷೆ ನಮ್ಮ ಅಂಗಳದಲ್ಲೇ ನಡೆಯಿತು. ಒಂದು ತುದಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ನೀರಿನ ಟಬ್ಬಿನಲ್ಲಿ ಮುಳುಗಿಸಿದರು. ಟೀಚರಮ್ಮ ಕುರ್ಚಿ ಹಾಕಿಕೊಂಡು ಕೂತು ಗಡಿಯಾರ ನೋಡುತ್ತಿದ್ದರು. ನಾಲ್ಕನೇ ನಿಮಿಷಕ್ಕೆ ಸಾಸಿವೆಯಷ್ಟು ಒಂದು ಗುಳ್ಳೆ ಮೇಲೆ ಬಂತು.

“ಫೇಲ್,” ಎಂದರು.

“ಅಮ್ಮಾ, ಒಂದೇ ಗುಳ್ಳಿರಿ!”

“ಒಂದು ಮಾರ್ಕಿಗೂ ಫೇಲ್ ಮಾಡೀನಿ ನಾನು. ಮತ್ತ ಬರಿ.”

ಮೇಸ್ತ್ರಿ ಗೊಣಗುತ್ತ ಮತ್ತೆ ಬೆಸುಗೆ ಹಾಕಿ ತಂದರು. ಈ ಸಲ ಹತ್ತು ನಿಮಿಷ ನೀರು ಅಲ್ಲಾಡಲಿಲ್ಲ. ಟೀಚರಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸಿರುಗುಪ್ಪದ ದಿನ ಟಾಪು ಮಡಚಿ ಬೆಳಿಗ್ಗೆಯೇ ಹೊರಟೆವು. ಟೀಚರಮ್ಮ ಗಂಡನ ಕಪ್ಪು ಕನ್ನಡಕ ಹಾಕಿ, ಸೆರಗನ್ನು ತಲೆಗೆ ಬಿಗಿದಿದ್ದರು. ತೆಕ್ಕಲಕೋಟೆಯವರೆಗೆ ಇಬ್ಬರ ಕಣ್ಣೂ ಉಷ್ಣತೆಯ ಮುಳ್ಳಿನ ಮೇಲೆ. ಊರು ದಾಟಿದ ಮೇಲೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಮುಂದೆ ಹೋಗಲು ದಾರಿಯಿಲ್ಲ, ನಡಿಗೆಯ ವೇಗ. ಮುಳ್ಳು ಮೆಲ್ಲಗೆ ಮೇಲೆ ಹತ್ತಿ ಕೆಂಪು ಗೆರೆಯನ್ನು ಮುಟ್ಟಿತು.

“ಹಚ್ಚಲೇ ಮಾಸ್ತರ!”

ಹೀಟರಿನ ಗುಂಡಿ ಪೂರ್ತಿ ಎಳೆದೆ. ಮೊದಲು ಬಂದದ್ದು ಎರಡು ವರ್ಷದ ಧೂಳು. ಇಬ್ಬರ ಮುಖವೂ ಹಿಟ್ಟಿನ ಗಿರಣಿಯವರದಂತಾಯಿತು. ಆಮೇಲೆ ಒಲೆಯ ಬಾಯಿ ತೆರೆದಂಥ ಗಾಳಿ. ಮೇಲೆ ಮೇ ತಿಂಗಳ ಬಿಸಿಲು, ಕೆಳಗೆ ಹೀಟರು. ಮುಳ್ಳು ನಡುಗಿತು, ನಿಂತಿತು, ಒಂದು ಕೂದಲಿನಷ್ಟು ಇಳಿಯಿತು. ಟೀಚರಮ್ಮ ಹೋ ಎಂದು ಕೂಗಿದರು. ಪಕ್ಕದ ಟ್ರ್ಯಾಕ್ಟರಿನವ ಏನಾಯಿತೆಂದು ಬಗ್ಗಿ ನೋಡಿದ. “ಹೀಟರ್ ಹಚ್ಚೀವಿ!” ಎಂದು ಅವನಿಗೆ ಕೂಗಿ ಹೇಳಿದರು. ಅವನು ನಮ್ಮಿಬ್ಬರನ್ನೂ ನೋಡಿ, ಗಾಬರಿಯಾಗಿ ದಾರಿ ಬಿಟ್ಟ.

ನಾವು ಹಾಡುತ್ತಾ ಹೋದೆವೆಂದು ನನ್ನ ನೆನಪು ಹೇಳುತ್ತದೆ. ಇರಲಾರದು. ಆದರೆ ಇದೊಂದನ್ನು ಡೈರಿಯಲ್ಲಿ ಹುಡುಕುವ ಮನಸ್ಸಿಲ್ಲ.

ರೈಸ್ ಮಿಲ್ಲಿನ ಗೇಟಿನಲ್ಲಿ ಮೈದುನ ಹೆಗಲಿಗೆ ಹೊಸ ಹಗ್ಗದ ಸುರುಳಿ ಹಾಕಿಕೊಂಡು ನಿಂತಿದ್ದರು. ಕಾರು ಅವರ ಮೊಣಕಾಲಿಗೆ ಗೇಣು ದೂರದಲ್ಲಿ ಬಂದು ನಿಂತಿತು. ಬಾವಿಗೆ ಬಿದ್ದು ಎದ್ದವರಂತೆ ತೊಯ್ದಿದ್ದ ನಮ್ಮನ್ನು ನೋಡಿ ಅವರ ಬಾಯಿ ತೆರೆದೇ ಇತ್ತು.

“ವೈನೀ, ಇದೇನ್ರಿ ಅವತಾರ?”

“ನಿಮ್ಮಣ್ಣನ ಹೀಟರ್ ಭಾಳ ಛಲೋ ಐತಿ. ಹಗ್ಗ ಒಳಗಿಟ್ಟು ಮಜ್ಜಿಗಿ ತರ್ರಿ.”

ಮಾರುವ ಮಾತು ಮತ್ತೆ ಬರಲಿಲ್ಲ. ಟೀಚರಮ್ಮ ಆರು ಬೇಸಿಗೆ ಆ ಕಾರು ಓಡಿಸಿ, ಏಳನೆಯದು ಬರುವ ಮುಂಚೆ ಹೋದರು. ಕಾರು ಈಗ ಮಿಲ್ಲಿನ ಶೆಡ್ಡಿನಲ್ಲಿದೆ. ಯಾರಾದರೂ ಬೆಲೆ ಕೇಳಿದರೆ ಮೈದುನನೇ ಬೈದು ಕಳಿಸುತ್ತಾರಂತೆ.

ಮೊನ್ನೆ ತೆಕ್ಕಲಕೋಟೆಯ ಹತ್ತಿರ ಅಂಥದೇ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ನನ್ನ ಕಾರಿನ ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು. ಆದರೂ ಕಿಟಕಿ ಇಳಿಸಿ, ಎ.ಸಿ. ಆರಿಸಿ, ಹೀಟರ್ ಹಚ್ಚಿದೆ.

“ಹುಚ್ಚು ಹಿಡದೈತೇನ್ರಿ ನಿಮಗ?” ಎಂದಳು ಹೆಂಡತಿ.

ಹೇಳಲು ಬಾಯಿ ತೆರೆದೆ. ಹೇಳುವುದು ಬಹಳವಿತ್ತು. ಟೀಚರಮ್ಮನ ಗಂಡನ ಹಾಗೆ ಸುಮ್ಮನೆ ನಕ್ಕೆ... ಬೆವರು ಕಣ್ಣಿಗಿಳಿಯುವವರೆಗೂ.