ಬುಟ್ಟಿಗೊಂದು ಹೆಸರು

ಬೀಜ ಬಿಡಿಸಿದ ಹುಣಸೆಹಣ್ಣು ಕೂಡ್ಲಿಗಿಯ ಅಂಗಡಿಯಲ್ಲಿ ಈಗ ಕಿಲೋಗೆ ನೂರಾ ಅರವತ್ತು ರೂಪಾಯಿ. ಅದನ್ನು ಬಡಿದು, ನಾರು ತೆಗೆದು, ಬೀಜ ಬಿಡಿಸಿದ ಕೈಗೆ ಸಿಗುವುದು ಹತ್ತು. ಹುಳಿಗೆ ಸೀಳಿದ ಬೆರಳಿಗೆ ಹಚ್ಚುವ ಔಡಲೆಣ್ಣೆಯ ಸಣ್ಣ ಶೀಸೆಗೆ ನಲವತ್ತು. ಅದು ವಾರಕ್ಕೂ ಸಾಲದು. ಈ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುತ್ತ ಮಾಳಮ್ಮ ತಮ್ಮ ಕಲ್ಲಿನ ಮುಂದೆ ಕೂರುತ್ತಾರೆ.

ಕೊಟ್ಟೂರು ರಸ್ತೆಯ ಮಗ್ಗುಲಿನ ತಗಡಿನ ಗೋದಾಮು. ಈಗಷ್ಟೇ ಬೆಳಕು ಹರಿಯುತ್ತಿದೆ. ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಮರದ ಕೊಡತಿ. ಟಕ್ ಎಂದು ಒಂದೇ ಏಟು. ಬೀಜ ಅತ್ತ, ಹಣ್ಣು ಬುಟ್ಟಿಗೆ. ಏಟು ಜೋರಾದರೆ ಬೀಜ ಒಡೆದು ಹಣ್ಣಿಗೆ ಮೆತ್ತಿಕೊಳ್ಳುತ್ತದೆ, ಮೆತ್ತಗಾದರೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಇಪ್ಪತ್ತು ಸುಗ್ಗಿ ಪಳಗಿದ ಆ ಕೈ ಇವತ್ತು ಆಗಲೇ ಎರಡು ಸಲ ತಪ್ಪಿದೆ.

"ಎದ್ದಾಗಿಂದ ಎದಿ ಡಬಡಬ ಅನ್ನಾಕ ಹತ್ತೈತ್ರಿ," ಎಂದು ನಗುತ್ತಾರೆ. "ಮದುವಿ ದಿನಾನೂ ಹಿಂಗ ಆಗಿರಲಿಲ್ಲ."

ಹತ್ತು ಗಂಟೆಗೆ ಕಾರ್ಮಿಕ ಇಲಾಖೆಯ ಅಧಿಕಾರಿ ತಲೆ ಎಣಿಸಲು ಬರುತ್ತಾರೆ. ಎಣಿಕೆಯಲ್ಲಿ ಗೆದ್ದರೆ ಮಾಳಮ್ಮನವರ ಸಂಘದ ಜೊತೆ ಮಾಲೀಕರು ಮಾತಿಗೆ ಕೂರಬೇಕು. ಸೋತರೆ ಈ ಸುಗ್ಗಿಯೂ ಹಳೆಯ ತೂಕದಲ್ಲೇ ಮುಗಿಯುತ್ತದೆ.

ಜಗಳದ ಬೇರು ಇರುವುದೇ ತೂಕದಲ್ಲಿ. ಇವತ್ತು ಬಿಡಿಸಿದ ಹಣ್ಣನ್ನು ನಾಳೆ ದಿನವಿಡೀ ಬಿಸಿಲಿಗೆ ಹರವಿ, ಒಣಗಿದ ಮೇಲೆ ತೂಗುವುದು ಈ ಗೋದಾಮಿನ ರೂಢಿ. ಮಾರ್ಚ್ ತಿಂಗಳ ಬಿಸಿಲೆಂದರೆ ಕೇಳಬೇಕೆ? ಇಪ್ಪತ್ತು ಕಿಲೋ ಬಿಡಿಸಿದವಳ ಕೈಗೆ ಹದಿನೆಂಟರ ಕೂಲಿ ಬರುತ್ತದೆ. ಹೋದ ವರ್ಷ ಮಾಳಮ್ಮ ಒಬ್ಬರೇ ಹೋಗಿ ಕೇಳಿದ್ದರು. "ಬಿಸಿಲು ತಿಂದದ್ದಕ್ಕ ನಮ್ಮ ಕೂಲಿ ಯಾಕ ಕಡೀತೀರಿ ಅಂದೆ. ಹೋಗಿ ಬಿಸಿಲನ್ನ ಕೇಳು ಅಂದ್ರು." ಮರುದಿನದಿಂದ ಒಂದು ವಾರ ಅವರಿಗೆ ಕೆಲಸ ಕೊಡಲಿಲ್ಲ. ಗಂಡ ಗೌಂಡಿ ಕೆಲಸದವರು, ಇಬ್ಬರು ಹೆಣ್ಣುಮಕ್ಕಳು ಕೊಟ್ಟೂರಿನಲ್ಲಿ ಓದುತ್ತಾರೆ. 

ಮಕ್ಕಳನ್ನು ನೋಡಲು ಹೋದಾಗ ಕೊಟ್ಟೂರು ಮಾರುಕಟ್ಟೆಯಲ್ಲಿ ಹಮಾಲರ ಮುಂದಾಳು ಹುಲುಗಪ್ಪ ಸಿಕ್ಕರು. "ಒಬ್ಬಾಕಿ ಕೇಳಿದ್ರ ಬಾಯಿಬಡಕಿ ಅಂತಾರಬೇ. ಎಲ್ಲಾರೂ ಕೇಳಿದ್ರ ನ್ಯಾಯ ಅಂತಾರ. ಸಂಘ ಕಟ್ಟು," ಎಂದರು. ಮಾಳಮ್ಮ ಕಟ್ಟಿದರು. ಅದು ಕಿವಿಗೆ ಬಿದ್ದದ್ದೇ ತಡ, ಗೋದಾಮಿನ ಮೇಸ್ತ್ರಿ ತಿಪ್ಪೇಶ ತಾನೂ ಒಂದು ಸಂಘ ಕಟ್ಟಿದ. ಒಂದೇ ಸೂರಿನಡಿ ಎರಡು ಸಂಘವಿದ್ದರೆ, ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಕಡೆಗಿದ್ದಾರೋ ಅವರ ಜೊತೆ ಮಾಲೀಕ ಮಾತಾಡಬೇಕು ಎನ್ನುತ್ತದೆ ಹೊಸ ಕಾಯ್ದೆ.

ಗೋದಾಮಿನಲ್ಲಿರುವವರು ಎಂಬತ್ತಾರು ಹೆಂಗಸರು. ಹೋದ ವಾರ ಅಧಿಕಾರಿ ಬಂದು ಎಣಿಸಿದಾಗ ಮಾಳಮ್ಮನ ಕಡೆ ಸಿಕ್ಕಿದ್ದು ಮೂವತ್ತೊಂಬತ್ತೇ, ತಿಪ್ಪೇಶನ ಕಡೆಯೂ ಅರ್ಧ ದಾಟಲಿಲ್ಲ. ಎಲ್ಲರೂ ನಮ್ಮವರೇ, ಆದರೂ ಯಾಕೆ ಕಡಿಮೆ ಎಂದು ಮಾಳಮ್ಮನಿಗೆ ಅಚ್ಚರಿ. ಅಧಿಕಾರಿ ಕೊಟ್ಟ ಒಂದು ವಾರದ ಗಡುವಿನಲ್ಲಿ ಮನೆಮನೆಗೆ ಹೋಗಿ ಕೇಳಿದಾಗ ಗುಟ್ಟು ಬಯಲಾಯಿತು. ಇಲ್ಲಿನ ಹೆಂಗಸರಿಗೆ ಸಂಘವೆಂದರೆ ಸ್ವಸಹಾಯ ಸಂಘ. ಅವರು ಕಂಡ ಸಂಘಗಳಲ್ಲಿ ಮನೆಗೊಬ್ಬರೇ ಸದಸ್ಯರು. ಅದೇ ಲೆಕ್ಕದಲ್ಲಿ ಇಲ್ಲಿಯೂ ಅತ್ತೆ ಹೆಸರು ಕೊಟ್ಟ ಮನೆಯಲ್ಲಿ ಸೊಸೆ, ಅಕ್ಕ ಕೊಟ್ಟ ಮನೆಯಲ್ಲಿ ತಂಗಿ ಸುಮ್ಮನೆ ಕೂತಿದ್ದರು!

ತಿದ್ದುವುದು ಸುಲಭವಾಗಲಿಲ್ಲ. ತಮ್ಮೊಬ್ಬರ ಹೆಸರು ಕೊಟ್ಟು ಸೊಸೆಯದನ್ನು ಬಿಟ್ಟಿದ್ದ ಗಾಳೆಮ್ಮನ ಹೊಸ್ತಿಲಲ್ಲಿ ನಡೆದದ್ದನ್ನು ಮಾಳಮ್ಮ ಅಭಿನಯಿಸಿಯೇ ತೋರಿಸುತ್ತಾರೆ.

"ಸುಮಲತಾಂದೂ ಹೆಸರು ಬರಸು ದೊಡ್ಡವ್ವ."

"ಯಾಕ? ನಮ್ಮನಿಯಾಗ ನಾ ಅಂದ್ರ ಅಕಿ ಅಂದಂಗ."

"ಹಂಗಾದ್ರ ತೂಗೋವಾಗ ನಿನ್ನ ಬುಟ್ಟಿ, ಅಕಿ ಬುಟ್ಟಿ ಒಂದ ಅಂತಾರೇನು? ಬುಟ್ಟಿ ಎರಡು, ಹೆಸರು ಒಂದಾ?"

ಗಾಳೆಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, "ನಾಳೆ ಅಕಿ ನನ್ನ ಮ್ಯಾಲ ಕೈ ಎತ್ತಿದ್ರ?" ಎಂದರಂತೆ. ಒಳಗಿನಿಂದ ಸೊಸೆ ಸುಮಲತಾ, "ಸಂಘದಾಗ ಎತ್ತತೀನತ್ತಿ, ಮನ್ಯಾಗ ಅಲ್ಲ," ಎಂದಳು. ಮುದುಕಿಗೆ ನಗು ತಡೆಯಲಾಗಲಿಲ್ಲ.

ಹತ್ತೂಕಾಲಿಗೆ ಅಧಿಕಾರಿ ಬರುತ್ತಾರೆ. ಮೇಜು ಹಾಕಿಸಿ ಒಬ್ಬೊಬ್ಬರನ್ನೇ ಕರೆದು ಯಾವ ಸಂಘ ಎಂದು ಕೇಳುತ್ತಾರೆ. ಕೊಡತಿಗಳೆಲ್ಲ ನಿಂತಿವೆ. ತಿಪ್ಪೇಶ ಬಾಗಿಲಲ್ಲಿ ನಿಂತು, "ಲೆಕ್ಕಾ ಹಾಕ್ಕೊಳ್ರಿ, ಈ ಸಲಾನೂ ಅಷ್ಟ," ಎಂದು ಚುಚ್ಚುತ್ತಾನೆ. ಸುಮಲತಾ ಮೇಜಿನ ಮುಂದೆ ನಿಂತು ಅತ್ತೆಯತ್ತ ತಿರುಗದೆ ತನ್ನ ಹೆಸರು ತಾನೇ ಹೇಳುತ್ತಾಳೆ. ಅವಳ ಹಿಂದೆ ಇನ್ನೊಬ್ಬ ಸೊಸೆ, ಇನ್ನೊಬ್ಬ ತಂಗಿ. ಕೊನೆಗೆ ಅಧಿಕಾರಿ ಓದಿದ ಸಂಖ್ಯೆ ಐವತ್ತೇಳು. ಮಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಲ್ಲೇ ಕುಣಿದುಬಿಡುತ್ತಾರೆ! ಯಾರೋ ಸಿಳ್ಳೆ ಹೊಡೆಯುತ್ತಾರೆ. ನೋಡಿದರೆ ಗಾಳೆಮ್ಮ.

ಮೂರು ದಿನ ಬಿಟ್ಟು ಮಾತುಕತೆ. ಮಾಲೀಕ ಗುರುಬಸವರಾಜ ಕೆಟ್ಟವರಲ್ಲ, ವ್ಯಾಪಾರಸ್ಥರು. ಚಹಾ ತರಿಸಿ, ಎಲ್ಲರಿಗೂ ಕುರ್ಚಿ ಹಾಕಿಸುತ್ತಾರೆ. ಆಮೇಲೆ, ಒಣಗಿಸುವ ಮೊದಲೇ ತೂಗಬೇಕೆಂಬ ಬೇಡಿಕೆಗೆ ಪಟ್ಟು ಹಾಕುತ್ತಾರೆ: "ನೀರು ಚಿಮುಕಿಸಿ ಬುಟ್ಟಿ ಭಾರ ಮಾಡೋರೂ ಅದಾರ. ಅದಕ್ಕೇನಂತಿ ಮಾಳಮ್ಮ?"

"ಅದಾರ್ರಿ ಸಾವ್ಕಾರ್ರ, ಇಲ್ಲ ಅನ್ನಂಗಿಲ್ಲ. ಅಂಥಾ ಬುಟ್ಟಿ ಸಿಕ್ರ ನೀವು ಮುಟ್ಟಬ್ಯಾಡ್ರಿ, ನಾವ ಎತ್ತಿ ಹೊರಗ ಇಡ್ತೀವಿ."

ಮಾಲೀಕರು ಈ ಮಾತಿಗೆ ಸೋಲುತ್ತಾರೆ, ಆದರೆ ಬರಿಗೈಲಿ ಏಳುವುದಿಲ್ಲ. ಇಷ್ಟು ವರ್ಷ ಹೆಂಗಸರು ಸಂಜೆ ಉಡಿಯಲ್ಲಿ ಕಟ್ಟಿಕೊಂಡು ಹೋಗಿ ಮಾರುತ್ತಿದ್ದ ಹುಣಸೆಬೀಜ ಇನ್ನು ಗೋದಾಮಿನದು ಎನ್ನುತ್ತಾರೆ. ಹೊರಗೆ ಕಾದು ನಿಂತ ಗುಂಪಿನಲ್ಲಿ ಗುಜುಗುಜು ಏಳುತ್ತದೆ. ಮಾಳಮ್ಮ ಹೊರಗೆ ಬಂದು ಎಲ್ಲರನ್ನೂ ಕೇಳಿ, ಬೈಸಿಕೊಂಡು, ಮತ್ತೆ ಒಳಗೆ ಹೋಗಿ ಒಪ್ಪುತ್ತಾರೆ.

"ಬೀಜ ಕೊಟ್ಟಿದ್ದಕ್ಕ ಇವತ್ತಿಗೂ ನಾಕು ಮಂದಿ ಮಾತಾಡಂಗಿಲ್ರಿ ನನ್ನ ಕೂಡ. ಮಾತಾಡ್ತಾರ ಬಿಡ್ರಿ, ಮುಂದಿನ ಸುಗ್ಗಿ ಐತಲ್ಲ. ಕೇಳಾಕ ಒಂದು ಜಾಗ ಆತು, ಅಷ್ಟು ಸಾಕು."

ಕೂಲಿಯ ದರ ಏರಲಿಲ್ಲ. ಬೀಜ ಕೈತಪ್ಪಿತು. ಬಿಡಿಸಿದ ಹಣ್ಣು ಈಗ ಅದೇ ಸಂಜೆ, ಬಿಡಿಸಿದವಳ ಕಣ್ಣೆದುರೇ ತಕ್ಕಡಿ ಏರುತ್ತದೆ.